ಊಟ ಮೊದಲು, ಮುಹೂರ್ತ ಆಮೇಲೆ

ನಮ್ಮೂರಿನ ಲಗ್ನಪತ್ರಿಕೆ ಕೈಗೆ ಬಂದರೆ ಬೇರೆ ಊರಿನ ನೆಂಟರು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಊಟ ಮೊದಲು, ಮುಹೂರ್ತ ಆಮೇಲೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಇರುತ್ತದೆ. ಪ್ರೆಸ್ಸಿನವನು ಮೇಲಿನದನ್ನು ಕೆಳಗೆ ಮಾಡಿದ್ದಾನೆ ಎಂದುಕೊಂಡು ಕೆಲವರು ತಮ್ಮ ಲೆಕ್ಕದಲ್ಲೇ ಮಧ್ಯಾಹ್ನಕ್ಕೆ ಊಟಕ್ಕೆಂದು ಬಂದು, ತೊಳೆದು ಕವುಚಿಟ್ಟ ಹಂಡೆ ನೋಡಿಕೊಂಡು ವಾಪಸು ಹೋದದ್ದುಂಟು. ತಪ್ಪು ಪ್ರೆಸ್ಸಿನವನದಲ್ಲ. ನಮ್ಮಲ್ಲಿ ಹೋಳಿಗೆ ತಿಂದು, ಮಜ್ಜಿಗೆ ಕುಡಿದು, ಕೈ ಒರೆಸಿಕೊಂಡ ಮೇಲೆಯೇ ಅಕ್ಷತೆ ಹಿಡಿಯುವುದು. ಹೊಟ್ಟೆ ತುಂಬದವರು ತಾಳಿ ಕಟ್ಟುವುದನ್ನು ನೋಡಬಾರದು ಎಂಬುದು ಈಗ ಶಾಸ್ತ್ರದಷ್ಟೇ ಗಟ್ಟಿಯಾಗಿದೆ.

ಇದಕ್ಕೆಲ್ಲ ಕಾರಣ ರಂಗಣ್ಣ. ರಂಗಣ್ಣ ಎಂದರೆ ಮನುಷ್ಯನಲ್ಲ, ನನ್ನ ವಿಡಿಯೋ ಅಂಗಡಿಯ ಕಂಪ್ಯೂಟರಿನೊಳಗೆ ಕೂತಿರುವ ಎಐ. ನಾನು ತೆಗೆದ ವಿಡಿಯೋ ಅದರೊಳಗೆ ಹೋಗಿ ಹೊರಗೆ ಬರುವಾಗ ಪ್ರತಿಯೊಬ್ಬರ ಮುಖದ ಸುತ್ತಲೂ ಬಣ್ಣದ ಬಳೆ ಮೂಡಿರುತ್ತದೆ. ಖುಷಿಗೆ ಹಳದಿ, ಸಿಟ್ಟಿಗೆ ಕೆಂಪು, ದುಃಖಕ್ಕೆ ನೀಲಿ, ಹೊಟ್ಟೆಕಿಚ್ಚಿಗೆ ಹಸಿರು, ಬೇಸರಕ್ಕೆ ಬೂದಿ. ಬಾಯಲ್ಲಿ ಎಷ್ಟೇ ಹಲ್ಲು ಕಿರಿದರೂ ಬಳೆ ಮಾತ್ರ ಒಳಗಿದ್ದದ್ದನ್ನೇ ಹೇಳುತ್ತದೆ. ಅದು ಎಲ್ಲಿಂದ ಬಂತು, ಯಾಕೆ ನಮ್ಮೂರಿಗೇ ಬಂತು ಎಂದು ನನ್ನನ್ನು ಕೇಳಬೇಡಿ. ಮಳೆ ಎಲ್ಲಿಂದ ಬಂತು ಎಂದು ಛತ್ರಿ ಮಾರುವವನನ್ನು ಯಾರೂ ಕೇಳುವುದಿಲ್ಲ. ಬಣ್ಣವಿಲ್ಲದ ವಿಡಿಯೋವನ್ನು ಈಗ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ ಎಂಬುದಷ್ಟೇ ನನಗೆ ಗೊತ್ತು.

ಮದುವೆಯಾದ ಮೇಲಿನ ಮೊದಲ ಭಾನುವಾರ ಎರಡೂ ಕಡೆಯವರು ಸೇರಿ ವಿಡಿಯೋ ನೋಡಬೇಕು. ಅದಕ್ಕೆ ಮುಂಚೆ ಯಾರೂ ನೋಡುವಂತಿಲ್ಲ, ನಾನೂ ಸಹ. ರಂಗಣ್ಣ ಕೆಲಸ ಮಾಡುವಾಗ ನಾನು ಕಂಪ್ಯೂಟರಿನ ಪರದೆಗೆ ಟವೆಲು ಹೊದಿಸಿ ಹೊರಗೆ ಕೂತಿರುತ್ತೇನೆ. ಮೊದಮೊದಲು ಆ ಭಾನುವಾರಗಳಲ್ಲಿ ಚಪ್ಪಲಿ ಹಾರಾಡಿದ್ದವು. ಸ್ವಂತ ಓರಗಿತ್ತಿಯರು ಒಬ್ಬರ ಹಸಿರನ್ನು ಇನ್ನೊಬ್ಬರು ನೋಡಿ ಮಾತು ಬಿಟ್ಟರು. ಆಮೇಲಾಮೇಲೆ ಜನ ಹೊಂದಿಕೊಂಡರು. ಹಸಿರಾಗುವ ಭಯವಿದ್ದವರು ಛತ್ರದ ಕಂಬದ ಹಿಂದೆ ಕೂರತೊಡಗಿದರು. ಅಂಥವರಿಗೆ ಕಂಬದ ನೆಂಟರು ಎಂದೇ ಹೆಸರು ಬಿತ್ತು. ಬೇಡಿಕೆ ನೋಡಿಕೊಂಡು ಛತ್ರದ ಯಜಮಾನ ಚಾವಣಿಗೆ ಏನೂ ಬೇಕಿಲ್ಲದ ಕಡೆಯಲ್ಲೆಲ್ಲ ಕಂಬ ಕಟ್ಟಿಸಿದ. ಇನ್ನು ಭಾನುವಾರ ಪರದೆಯ ಮೇಲೆ ಯಾರದಾದರೂ ಕೆಟ್ಟ ಬಣ್ಣ ಬಂದರೆ ಹಿರಿಯರು ಗಟ್ಟಿಯಾಗಿ ಕೆಮ್ಮುತ್ತಾರೆ, ಎಲ್ಲರೂ ಕೆಮ್ಮಿದವರ ಕಡೆ ತಿರುಗುತ್ತಾರೆ, ಅಷ್ಟರಲ್ಲಿ ಆ ಬಣ್ಣ ದಾಟಿ ಹೋಗಿರುತ್ತದೆ. ಒಳ್ಳೇ ಕೆಮ್ಮಿರುವ ಹಿರಿಯರಿಗೆ ನಮ್ಮೂರಿನಲ್ಲಿ ಬಹಳ ಮರ್ಯಾದೆ.

ಊಟ ಮೊದಲಿಗೆ ಬಂದದ್ದು ಪುರೋಹಿತ ಮಾರ್ಕಂಡೇಯ ಶಾಸ್ತ್ರಿಗಳಿಂದ. ಯಾವ ಮದುವೆಯಲ್ಲೂ ಅವರದು ಕೆಂಪು ಬಳೆಯೇ. ಇಷ್ಟು ಸಿಟ್ಟಿಟ್ಟುಕೊಂಡು ಮಂತ್ರ ಹೇಳಿದರೆ ಸಂಸಾರ ಉಳಿದೀತೇ ಎಂದು ಜನ ಗೊಣಗಲು ಶುರುಮಾಡಿದ್ದರು. ಒಮ್ಮೆ ಮದುಮಗಳ ಅಜ್ಜಿ ಇವರ ಮುಖ ಬಾಡಿದ್ದನ್ನು ನೋಡಲಾರದೆ, ಓಲಗ ಜೋರಾಗಿದ್ದಾಗ ಕೈಗೊಂದು ಬಾಳೆಹಣ್ಣು ತುರುಕಿದಳು. ಶಾಸ್ತ್ರಿಗಳು ಅತ್ತ ತಿರುಗಿ ಅದನ್ನು ನುಂಗಿದರು. ಭಾನುವಾರ ನೋಡಿದರೆ, ಬಾಳೆಹಣ್ಣಿನ ಆಚೆಗೆ ಕೆಂಪು, ಈಚೆಗೆ ಅಪ್ಪಟ ಹಳದಿ. ಹಸಿವಿಗೂ ಸಿಟ್ಟಿಗೂ ರಂಗಣ್ಣನಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಅವತ್ತು ಊರಿಗೇ ಗೊತ್ತಾಯಿತು. ನನ್ನ ಹೆಂಡತಿಗೆ ಇದನ್ನು ಹೇಳಿದಾಗ, ಅದರಲ್ಲೇನು ಹೆಚ್ಚು, ನಿಮಗೂ ತಿಳಿಯುವುದಿಲ್ಲವಲ್ಲ ಎಂದಳು. ಅಲ್ಲಿಂದ ಊಟ ಮುಂದಕ್ಕೆ ಬಂತು, ವಿಡಿಯೋಗಳು ಬೆಳ್ಳಗಾದವು, ಅಂದರೆ ಹಳದಿಯಾದವು. ಆದರೆ ಅದಕ್ಕೆ ಮುಂಚಿನ ಕೆಂಪುಗಳನ್ನು ತೆಗೆದು ಮತ್ತೆ ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಹಳೇ ಸಿಟ್ಟುಗಳು ಹಾಗೇ ಉಳಿದವು. ಹಾಗೆಯೇ ಊಟದ ಪಂಕ್ತಿಗೆ ಕ್ಯಾಮೆರಾ ತರಬಾರದು ಎಂಬ ಕಟ್ಟಲೆಯೂ ಹುಟ್ಟಿತು. ಎಲೆಯ ಮುಂದೆ ಕೂತವರೆಲ್ಲ ಹಳದಿಯೇ, ಅಲ್ಲಿ ಯಾರ ಮನಸ್ಸು ಏನೆಂದು ಹೇಗೆ ಹೇಳುವುದು?

ಇಷ್ಟು ಹೇಳದಿದ್ದರೆ ಅಂಬುಜಕ್ಕನ ಕಥೆ ನಿಮಗೆ ಅರ್ಥವಾಗುತ್ತಿರಲಿಲ್ಲ.

ಅಂಬುಜಕ್ಕ ನಮ್ಮೂರಿನ ಹಸೆಹಾಡಿನವಳು. ಅವಳು ಹಾಡದೆ ಯಾವ ಮದುಮಗಳೂ ಹಸೆಗೆ ಕೂತದ್ದಿಲ್ಲ. ಹಾಗಾಗಿ ನನ್ನ ಅಂಗಡಿಯ ಯಾವ ವಿಡಿಯೋ ಹಾಕಿದರೂ ಅವಳಿರುತ್ತಾಳೆ, ಅವಳ ಬಳೆ ಸಂಪಿಗೆ ಹೂವಿನ ಹಳದಿಯಲ್ಲಿರುತ್ತದೆ. ಅವಳ ಗಂಡ ಕೇಶವಣ್ಣನದು ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ. ಮಾತು ಕಡಿಮೆ. ಊರಿನವರ ಕಣ್ಣನ್ನೆಲ್ಲ ಬಲ್ಲವನು, ಆದರೆ ಯಾರ ಕಣ್ಣಲ್ಲೂ ಕಣ್ಣಿಟ್ಟು ಹೆಚ್ಚು ಹೊತ್ತು ಮಾತಾಡುವವನಲ್ಲ. ಮದುವೆಗಳಿಗೆ ಹೆಂಡತಿಯ ಜೊತೆಯೇ ಬರುತ್ತಾನೆ. ನಾನು ಕ್ಯಾಮೆರಾ ಹೆಗಲಿಗೇರಿಸಿದ್ದು ಕಂಡರೆ ಸಾಕು, ಅಡುಗೆ ಕಡೆ ನೋಡಿ ಬರುತ್ತೇನೆ ಎಂದು ಎದ್ದು ಹೋಗುತ್ತಾನೆ. ಅಡುಗೆ ಮುಗಿದು, ಊಟ ಮುಗಿದು, ಒಲೆ ಆರಿದ ಮೇಲೂ ಇವನಿಗೆ ಅಡುಗೆ ಕಡೆ ನೋಡುವುದು ಇದ್ದೇ ಇರುತ್ತದೆ.

ಊರು ಸುಮ್ಮನೆ ಇರುತ್ತದೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಆಯಿತು ಇದು ಎಂದರು. ಹೆಂಡತಿಯ ಪಕ್ಕ ನಿಂತರೆ ಬಳೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಈ ಓಟ ಎಂದು ಕಂಬದ ನೆಂಟರೇ ಮೊದಲು ಮಾತು ತೆಗೆದದ್ದು. ಮಾತು ಹರಡಲು ರಂಗಣ್ಣ ಬೇಕಿಲ್ಲ. ಅದು ಅಂಬುಜಕ್ಕನ ಕಿವಿಗೂ ಬಿತ್ತು.

ಒಂದು ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದು, ತಾನು ಮತ್ತು ಯಜಮಾನರು ಒಟ್ಟಿಗಿರುವ ಒಂದೇ ಒಂದು ತುಣುಕು ಹುಡುಕಿ ಕೊಡು ಎಂದಳು. ಅದೇನು ಮಹಾ ಎಂದು ನಾನು ಹುಡುಕಲು ಕೂತೆ. ಅಟ್ಟಕ್ಕೇರಿಸಿದ್ದ ಮೊದಲ ವರ್ಷದವನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುವಷ್ಟರಲ್ಲಿ ಸಂಜೆಯಾಯಿತು. ಸಿಕ್ಕಿದ್ದು ಒಂದು ಮದುವೆಯಲ್ಲಿ ಕೇಶವಣ್ಣನ ಮೊಣಕೈ, ಇನ್ನೊಂದು ನಾಮಕರಣದಲ್ಲಿ ಬಾಗಿಲು ದಾಟುತ್ತಿರುವ ಅವನ ಬೆನ್ನು. ಮೊಣಕೈಗೂ ಬೆನ್ನಿಗೂ ರಂಗಣ್ಣ ಬಣ್ಣ ಹಾಕುವುದಿಲ್ಲ. ಅಂಬುಜಕ್ಕ ಆ ಬೆನ್ನನ್ನೇ ಬಹಳ ಹೊತ್ತು ನೋಡಿದಳು.

“ಇವರಿಗೆ ಅರವತ್ತು ತುಂಬತ್ತೆ ಭುಜಂಗ, ಶಾಂತಿ ಮಾಡಿಸೋಣ ಅಂದ್ರೆ ಬೇಡವೇ ಬೇಡ ಅಂತಾರೆ. ಮಾಡಿಸಿದ್ರೆ ಪಕ್ಕದಲ್ಲಿ ಕೂರಬೇಕಲ್ಲ” ಎಂದಳು. “ಊರಿನ ಹುಡುಗೀರಿಗೆಲ್ಲ ಗಂಡನ ಪಕ್ಕ ಕೂತ್ಕೋ ತಾಯಿ ಅಂತ ಹಾಡಿದವಳು ನಾನು. ನನ್ನ ಪಕ್ಕ ಯಾರೂ ಇಲ್ಲ ನೋಡು. ಅವರ ಬಾಯಲ್ಲಿ ಇವತ್ತಿನವರೆಗೂ ಒಂದು ಮಾತು ಬಂದಿಲ್ಲ, ಬರೋದೂ ಬೇಡ. ಬಣ್ಣನಾದ್ರೂ ನೋಡಬೇಕು. ಬೂದಿ ಬಂದ್ರೆ ಬರಲಿ, ತಿಳ್ಕೊಂಡ ಹಾಗಾಯ್ತು.”

ಬೂದಿ ಬಂದರೆ ಬರಲಿ ಎಂದು ಬಾಯಲ್ಲಿ ಹೇಳಿದಳೇ ಹೊರತು ಅವಳ ಕೈ ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಕೇಶವಣ್ಣನ ಹತ್ತಿರ ನಾನು ಮಾತಾಡುತ್ತೇನೆ ಎಂದು ಹೇಳಿ ಕಳಿಸಿದೆ.

ಕೇಶವಣ್ಣ ನನ್ನನ್ನು ಕಂಡ ಕೂಡಲೇ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರ ಓದಿಸಲು ಶುರುಮಾಡಿದ. ಮಾತು ತಪ್ಪಿಸಲು ಅವನ ದಾರಿ ಅದು. ನಾನು ಕೊನೆಯ ಸಾಲಿನವರೆಗೂ ಓದಿ, ನನ್ನ ಕಣ್ಣು ಚೆನ್ನಾಗಿದೆ, ನಿಮ್ಮದರ ಕಥೆ ಹೇಳಿ, ಆ ಹೆಂಗಸನ್ನು ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡರೆ ನಿಮ್ಮ ಗಂಟೇನು ಹೋಗುತ್ತದೆ ಎಂದೆ. ವಿಡಿಯೋ ಇಲ್ಲದೆ ಮಾಡಿಸುವುದಾದರೆ ಒಪ್ಪುತ್ತೇನೆ ಎಂದ. ವಿಡಿಯೋ ಇಲ್ಲದ ಶಾಂತಿಗೆ ನಮ್ಮೂರಿನಲ್ಲಿ ಶಾಸ್ತ್ರಿಗಳೂ ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಊರಿನವರ ಬೂದಿ ಮಾತನ್ನು ನಾನು ಮೆಲ್ಲಗೆ ಎತ್ತಿದೆ. ಅವನು ಬೆಚ್ಚಿ ನೋಡಿದ.

“ನನ್ನ ಬಣ್ಣದ ಯೋಚನೆ ಯಾರಿಗಿದೆ ಮಾರಾಯ” ಎಂದ. “ನಾನು ಪಕ್ಕದಲ್ಲಿದ್ರೆ ಅವಳ ಬಣ್ಣ ಕೆಡತ್ತೆ.”

ಆಮೇಲೆ ಒಂದೊಂದಾಗಿ ಬಾಯಿ ಬಿಟ್ಟ. ರಂಗಣ್ಣ ಬಂದ ವರ್ಷ ಅಂಬುಜಕ್ಕನ ತಮ್ಮನ ಮದುವೆಯಾಯಿತು. ಬಣ್ಣ ಬಂದ ಮೊದಲ ವಿಡಿಯೋ ಅದೇ. ಭಾನುವಾರ ಎಲ್ಲರೂ ಅವರವರ ಬಳೆ ಹುಡುಕಿಕೊಳ್ಳುವುದರಲ್ಲಿ ಮುಳುಗಿದ್ದರು, ಅಂಬುಜಕ್ಕ ಒಳಗೆ ಕಾಫಿ ಸೋಸುತ್ತಿದ್ದಳು. ಕೇಶವಣ್ಣ ಮಾತ್ರ ಅವಳ ಬಳೆಯನ್ನು ನೋಡುತ್ತಿದ್ದ. ಬೆಳಗ್ಗೆ ಹಸೆ ಹಾಡುವಾಗ ಹಳದಿ. ಮಧ್ಯಾಹ್ನ ತಾನು ಹೋಗಿ ಅವಳ ಪಕ್ಕ ನಿಂತಾಗ ಕೆಂಡದಂಥ ಕೆಂಪು. ಸಂಜೆ ಹೆಣ್ಣು ಒಪ್ಪಿಸುವಾಗ ತಾನು ಬಸ್ಸಿಗೆ ಸಾಮಾನು ಏರಿಸಲು ಹೋಗಿದ್ದಾಗ ಮತ್ತೆ ಹಳದಿ. ಇನ್ನೇನು ಕೇಳುವುದಿತ್ತು? ಅವತ್ತಿನಿಂದ ಕ್ಯಾಮೆರಾ ಕಂಡರೆ ಎದ್ದು ಹೋಗುತ್ತೇನೆ ಎಂದ. ಪ್ರತಿ ಭಾನುವಾರ ಹಿಂದಿನ ಸಾಲಿನಲ್ಲಿ ಕೂತು ನೋಡುತ್ತಾನಂತೆ, ತಾನಿಲ್ಲದ ಅಷ್ಟೂ ಮದುವೆಗಳಲ್ಲಿ ಅವಳು ಹಳದಿಯೇ ಅಂತೆ. “ಎಷ್ಟು ಚೆನ್ನಾಗಿ ಬಂದಿದೆ ನೋಡು ಅವಳ ಬಣ್ಣ, ಒಂದರಲ್ಲೂ ಕಲೆ ಇಲ್ಲ” ಎಂದು ಹೇಳುವಾಗ ಅವನ ಮುಖದಲ್ಲಿ ಒಂದು ಹೆಮ್ಮೆಯೂ ಇತ್ತು. ಅವಳನ್ನೇ ಕೇಳಬಹುದಿತ್ತಲ್ಲ ಎಂದೆ. ರಂಗಣ್ಣ ಹೇಳಿದ ಮೇಲೆ ಕೇಳುವುದೇನಿದೆ ಎಂದು ಕನ್ನಡಕ ತೆಗೆದು ಒರೆಸಿಕೊಂಡ.

ಅಂಗಡಿಗೆ ಬಂದು ಅಟ್ಟ ಹತ್ತಿ ಆ ಹಳೇ ವಿಡಿಯೋ ಹುಡುಕಿ ತೆಗೆದೆ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹಳದಿ, ಕೆಂಪು, ಹಳದಿ. ನಡುವಿನ ತುಣುಕಿನಲ್ಲಿ ಕೇಶವಣ್ಣ ಆಚೆಯಿಂದ ಲಗುಬಗೆಯಲ್ಲಿ ಬರುತ್ತಾನೆ, ಪಕ್ಕ ನಿಂತು ಏನೋ ಕೇಳುತ್ತಾನೆ, ಅವಳು ಮುಖ ತಿರುಗಿಸುತ್ತಾಳೆ, ಬಳೆ ಧಗಧಗ ಉರಿಯುತ್ತದೆ. ಓಲಗದ ಸದ್ದಿನಲ್ಲಿ ಅವನು ಕೇಳಿದ್ದು ಕೇಳಿಸುವುದಿಲ್ಲ. ಇದನ್ನು ಅಂಬುಜಕ್ಕನಿಗೆ ತೋರಿಸುವುದಾದರೂ ಹೇಗೆ, ತೋರಿಸದೆ ಇರುವುದಾದರೂ ಹೇಗೆ? ಅತ್ತ ದರಿ ಇತ್ತ ಪುಲಿ ಎಂದುಕೊಂಡು ಕೂತಿದ್ದಾಗಲೇ ಅವಳು ಬಂದಳು. ನನ್ನ ಮುಖ ನೋಡಿದವಳೇ, ಏನೋ ಇದೆ, ಹಾಕು ಎಂದಳು. ನನ್ನ ಮುಖ ಓದಲು ಯಾರಿಗೂ ಎಐ ಬೇಕಾಗಿಲ್ಲ.

ಕೇಶವಣ್ಣ ಹೇಳಿದ್ದನ್ನೆಲ್ಲ ಹೇಳಿ, ವಿಡಿಯೋ ಹಾಕಿದೆ. ಅವಳು ಕೊನೆಯವರೆಗೂ ನೋಡಿದಳು. ಮತ್ತೆ ಹಾಕು ಎಂದಳು. ಮತ್ತೆ ಹಾಕಿದೆ. ಪರದೆಯ ಹತ್ತಿರ ಹೋಗಿ ತನ್ನ ಬೆನ್ನಿನ ಹಿಂದೆ ಬೆರಳಿಟ್ಟಳು.

“ಇದೇನು ನೋಡು.”

ಅವಳ ಹಿಂದೆ ಒಬ್ಬ ಹೆಂಗಸು ಎಂಜಲೆಲೆಯ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಆ ಹೆಂಗಸಿನ ಹಿಂದೆ ಇನ್ನೊಬ್ಬಳು ಪೊರಕೆ ಹಿಡಿದಿದ್ದಳು. ಊಟದ ಮನೆ ಗುಡಿಸುತ್ತಿದ್ದಾರೆ.

“ಕೊನೇ ಪಂಕ್ತಿನೂ ಎದ್ದಿತ್ತು ಭುಜಂಗ. ಹೆಣ್ಣಿನ ಕಡೆ ಹಿರಿಯರೊಬ್ಬರ ಕನ್ನಡಕ ಮುರೀತು ಅಂತ ಇವರು ಅಂಗಡಿಗೆ ಓಡಿದ್ರು. ಜೊತೇಲಿ ಉಣ್ಣೋಣ ಅಂತ ನಾನು ಕಾದೆ, ಕಾದೆ. ಹೊಟ್ಟೆ ಹಸಿದು ಕಣ್ಣು ಕತ್ತಲೆ ಬರ್ತಿತ್ತು. ಆಗ ಬಂದ್ರು ಮಹಾನುಭಾವರು. ಬಂದು ಏನು ಕೇಳಿದ್ರು ಗೊತ್ತಾ? ನಿಂದು ಊಟ ಆಯ್ತಾ ಅಂತ ಕೇಳಿದ್ರು.”

ಹೇಳುತ್ತಾ ಹೇಳುತ್ತಾ ನಗತೊಡಗಿದಳು. ಸ್ವಲ್ಪ ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳಲಿ ಎಂದು ಮತ್ತೆ ನಕ್ಕಳು. ನಗುತ್ತಿದ್ದವಳಿಗೆ ಯಾವಾಗ ಅಳು ಬಂತೋ ನನಗೆ ತಿಳಿಯಲಿಲ್ಲ. ಇಷ್ಟು ವರ್ಷ, ಇಷ್ಟು ಮದುವೆ, ಪ್ರತಿಯೊಂದರಲ್ಲೂ ಅವಳು ಒಬ್ಬಳೇ ನಿಂತಿದ್ದಾಳೆ, ಅವನು ಒಲೆ ಆರಿದ ಅಡುಗೆಮನೆಯಲ್ಲಿ ಒಬ್ಬನೇ ಕೂತಿದ್ದಾನೆ, ಅವಳ ಹಳದಿ ಕೆಡಬಾರದು ಎಂದು. ಶಾಸ್ತ್ರಿಗಳ ಬಾಳೆಹಣ್ಣಿನ ಸಂಗತಿ ತಿಳಿದ ಮೇಲೂ ಅವನಿಗೆ ತನ್ನ ಕೆಂಪಿನ ನೆನಪಾಗಲಿಲ್ಲ. ಬೇರೆಯವರ ಕೆಂಪನ್ನು ಹಸಿವು ಎಂದುಕೊಳ್ಳುವುದು ಸುಲಭ, ನಮ್ಮನ್ನು ನೋಡಿ ಬಂದ ಕೆಂಪನ್ನು ಹಾಗೆ ಅಂದುಕೊಳ್ಳಲು ಧೈರ್ಯ ಬೇಕು.

ಈಗಲೇ ಹೋಗಿ ಅವರಿಗೆ ಹೇಳಿಬಿಡಿ ಎಂದೆ. ಅಂಬುಜಕ್ಕ ಕಣ್ಣೊರೆಸಿಕೊಂಡು ತಲೆಯಾಡಿಸಿದಳು.

“ನನ್ನ ಬಾಯಿ ಮಾತು ನಂಬ್ತಾರಾ ಅವರು? ಸಮಾಧಾನಕ್ಕೆ ಹೇಳ್ತಿದ್ದಾಳೆ ಅಂತಾರೆ. ಯಾರು ಹೇಳಿ ಕೆಡಿಸಿದ್ರೋ ಅವನೇ ಹೇಳಬೇಕು. ರಂಗಣ್ಣನ ಬಾಯಲ್ಲೇ ಹೇಳಿಸ್ತೀನಿ.”

ಅವಳು ಮಾಡಿದ ಉಪಾಯ ಇದು. ಶಾಂತಿಯ ದಿನ ಅವಳು ಬೆಳಗ್ಗೆ ಊಟ ಮಾಡುವುದಿಲ್ಲ. ಹಸಿದುಕೊಂಡೇ ಅವನ ಪಕ್ಕ ಕೂರುತ್ತಾಳೆ. ಎಲ್ಲ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಎಲೆಯ ಮುಂದೆ ಕೂರುತ್ತಾರೆ, ನಾನು ಕಟ್ಟಲೆ ಮುರಿದು ಪಂಕ್ತಿಗೆ ಕ್ಯಾಮೆರಾ ತರಬೇಕು. ಅವನು ಪಕ್ಕದಲ್ಲಿರುವಾಗಲೇ, ಮೊದಲ ತುತ್ತಿಗೆ, ಬಣ್ಣ ತಿರುಗುವುದು ಊರಿಗೆಲ್ಲ ಕಾಣಬೇಕು. ತಿರುಗದಿದ್ದರೆ ಎಂದು ನಾನು ಕೇಳಿದೆ. ಅವನದು ನಿಜಕ್ಕೂ ಬೂದಿಯಾಗಿದ್ದರೆ ಎಂದು ಕೇಳಲು ಹೊರಟವನು ನಾಲಿಗೆ ಕಚ್ಚಿಕೊಂಡೆ. ಅಂಬುಜ ವಿಡಿಯೋ ನೋಡಿದಳು, ಕೆಂಪು ಬಂದರೆ ಬರಲಿ ಎಂದಳು, ಈ ವಯಸ್ಸಿನಲ್ಲಿ ಅವಳಿಗೆ ಬಣ್ಣದ ಸೊಗಸು ಬೇಡವಂತೆ ಎಂದಷ್ಟೇ ಅವರಿಗೆ ಹೇಳು ಎಂದಳು. ಹಸಿವಿನ ಮಾತು ಮಾತ್ರ ಎತ್ತಬೇಡ ಎಂದು ಆಣೆ ಹಾಕಿಸಿಕೊಂಡಳು. ನಾನು ಹಾಗೆಯೇ ಹೇಳಿದೆ. ಕೇಶವಣ್ಣ ಬಹಳ ಹೊತ್ತು ಒಂದೇ ಗಾಜನ್ನು ಒರೆಸಿ, ಆಗಲಿ ಎಂದ. ಮುಖ ನೇಣಿಗೆ ಒಪ್ಪಿದವನ ಹಾಗಿತ್ತು.

ಶಾಂತಿಯ ದಿನ ಬೆಳಗ್ಗೆ ಊರೆಲ್ಲ ಉಂಡಿತು. ಅಂಬುಜಕ್ಕ ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಲೇ ಇದ್ದಳು. ನಿಮ್ಮದಾಯಿತೇ ಎಂದು ಕೇಳಿದವರಿಗೆಲ್ಲ ಹ್ಞೂಂ ಎಂದಳು. ಕೇಶವಣ್ಣನನ್ನು ಕೇಳಿದರೆ ಅವನೂ ಹ್ಞೂಂ ಎಂದ. ಹಸೆಯ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಕೇಶವಣ್ಣ ಸಾಧ್ಯವಾದಷ್ಟೂ ಅಂಚಿಗೆ ಕೂತಿದ್ದ. ಅವಳ ಮೇಲೆ ತನ್ನ ನೆರಳು ಬಿದ್ದರೂ ಬಣ್ಣ ಕೆಡುತ್ತದೆ ಎನ್ನುವ ಹಾಗೆ ಮೈ ಮುದುರಿಕೊಂಡಿದ್ದ. ಹೋಮದ ಹೊಗೆ, ಕಲಶದ ನೀರು, ಮಾಂಗಲ್ಯ ಧಾರಣೆ, ಎಲ್ಲ ನಿಧಾನವಾಗಿ ನಡೆಯಿತು. ಶಾಸ್ತ್ರಿಗಳು ಇಷ್ಟು ಉದ್ದ ಮಂತ್ರ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮುಗಿಯುವ ಹೊತ್ತಿಗೆ ಬಿಸಿಲು ಪಡುವಣಕ್ಕೆ ತಿರುಗಿತ್ತು.

ಉಳಿದ ಒಂದೇ ಪಂಕ್ತಿಯಲ್ಲಿ ಮಂತ್ರ ಹೇಳಿ ಹೇಳಿ ಮತ್ತೆ ಹಸಿದ ಶಾಸ್ತ್ರಿಗಳಿಗೊಂದು, ಅವರಿಬ್ಬರಿಗೆ ಎರಡು, ಒಟ್ಟು ಮೂರು ಎಲೆ ಹಾಕಿಸಿದ್ದಳು. ನಾನು ಕ್ಯಾಮೆರಾ ಹಿಡಿದು ಒಳಗೆ ಬಂದದ್ದು ನೋಡಿ ಅಡುಗೆಯವನು ಸೌಟು ಎತ್ತಿ ಅಡ್ಡ ಬಂದ. ಅಂಬುಜಕ್ಕ ಒಂದು ಸಲ ಅವನ ಕಡೆ ನೋಡಿದಳು, ಸೌಟು ಕೆಳಗಿಳಿಯಿತು. ಕೇಶವಣ್ಣ ಕ್ಯಾಮೆರಾ ನೋಡಿ ಅಭ್ಯಾಸಬಲದಿಂದ ಅಡುಗೆ ಕಡೆ ಹೋಗಲು ಎದ್ದ. ಇರುವುದೇ ಅಡುಗೆಮನೆಯ ಬಾಗಿಲಲ್ಲಿ, ಇನ್ನೆಲ್ಲಿಗೆ ಹೋಗುವುದು? ಮತ್ತೆ ಕೂತ. ಅವಳು ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು. ನಾನು ಕ್ಯಾಮೆರಾ ಅಲುಗಾಡದಂತೆ ಉಸಿರು ಹಿಡಿದು ನಿಂತಿದ್ದೆ. ಬಣ್ಣವೇನಾಯಿತು ಎಂದು ಆಗ ಯಾರಿಗೂ ಗೊತ್ತಿಲ್ಲ, ಅದು ಭಾನುವಾರದ ಮಾತು. ಅಂಗಡಿಗೆ ಹೋದವನು ಪರದೆಗೆ ಒಂದಲ್ಲ, ಎರಡು ಟವೆಲು ಹೊದಿಸಿದೆ.

ಭಾನುವಾರ ಅವರ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೂದಿ ನೋಡಲು ಬಂದವರೇ ಹೆಚ್ಚು. ಕೇಶವಣ್ಣ ಯಾವತ್ತಿನಂತೆ ಹಿಂದಿನ ಸಾಲಿನಲ್ಲಿ, ಅಂಬುಜಕ್ಕ ಮುಂದೆ. ವಿಡಿಯೋ ಶುರುವಾಯಿತು. ಹಸೆಯ ಮೇಲೆ ಇಬ್ಬರೂ ಕೂತಿದ್ದಾರೆ, ಇಬ್ಬರ ಬಳೆಯೂ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಹೋಮದಲ್ಲಿ ಕೆಂಪು, ಕಲಶದ ನೀರು ಬೀಳುವಾಗಲೂ ಕೆಂಪು, ಅವನು ತಾಳಿ ಕಟ್ಟುವಾಗ ಎರಡು ಕೆಂಪೂ ಒಂದಕ್ಕೊಂದು ತಾಗಿಕೊಂಡು ಇನ್ನೂ ಕೆಂಪು. ಹಿರಿಯರು ಕೆಮ್ಮಿದರು. ಕೆಮ್ಮಿಗೆ ಮುಗಿಯುವ ಕೆಂಪಲ್ಲ ಅದು, ಕೆಮ್ಮಿ ಕೆಮ್ಮಿ ಅವರಿಗೇ ನೀರು ತಂದುಕೊಡಬೇಕಾಯಿತು. ಅರವತ್ತಕ್ಕೂ ಹೀಗಾ ಎಂದು ಯಾರೋ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಹಿಂದಿನ ಸಾಲಿನಲ್ಲಿ ಕೇಶವಣ್ಣ ಎದ್ದು ಬಾಗಿಲ ಕಡೆ ಹೊರಟ.

“ಕೂತ್ಕೊಳ್ರೀ” ಎಂದಳು ಅಂಬುಜಕ್ಕ, ತಿರುಗಿಯೂ ನೋಡದೆ. “ಇನ್ನೂ ಇದೆ.”

ಪರದೆಯ ಮೇಲೆ ಪಂಕ್ತಿ ಬಂತು. ಊಟದ ಮನೆಗೆ ಕ್ಯಾಮೆರಾ ತಂದಿದ್ದಾನಲ್ಲ ಎಂದು ಗುಸುಗುಸು ಎದ್ದಿತು. ಎರಡು ಕೆಂಪು ಬಳೆಗಳು ಎಲೆಯ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದವು. ಅವಳು ತುತ್ತು ಬಾಯಿಗಿಟ್ಟಳು, ಅಗಿದಳು, ನುಂಗಿದಳು. ಕೆಂಪು ತೆಳುವಾಯಿತು. ಅರಿಶಿನದ ಬಟ್ಟಲು ಚೆಲ್ಲಿದ ಹಾಗೆ ಹಳದಿ ಸುತ್ತಲೂ ಹರಡಿತು. ಅವಳ ಪಕ್ಕದಲ್ಲಿ, ಒಂದು ಗೇಣೂ ದೂರವಿಲ್ಲದ ಹಾಗೆ, ಗಂಡ ಕೂತಿದ್ದ. ನಾನು ವಿಡಿಯೋ ಅಲ್ಲಿಗೇ ನಿಲ್ಲಿಸಿದೆ. ಅಂಬುಜಕ್ಕ ಎದ್ದು ನಿಂತು, ಜನರ ತಲೆಗಳ ಮೇಲಿನಿಂದ ಹಿಂದಿನ ಸಾಲಿನ ಕಡೆ ನೋಡಿದಳು.

“ಹಸಿವಾಗಿತ್ತು ಕಣ್ರೀ. ನನ್ನ ತಮ್ಮನ ಮದುವೇಲೂ ಅಷ್ಟೇ. ನಿಮಗೋಸ್ಕರ ಕಾದು ಹಸಿವಾಗಿತ್ತು.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ರಂಗಣ್ಣನಿಗಿಂತ ಎಷ್ಟೋ ಮುಂಚೆಯೇ ಹೇಳಿಟ್ಟಿದ್ದರು. ನಮ್ಮ ಜನಕ್ಕೆ ಅದು ಬಾಯಿಪಾಠವೂ ಆಗಿತ್ತು. ಆದರೂ ಆ ಕೆಂಪು ಉಣ್ಣದೆ ಕಾದ ಕೆಂಪು ಎಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಕೇಶವಣ್ಣ ಕನ್ನಡಕ ಕೈಯಲ್ಲಿ ಹಿಡಿದು ಒರೆಸುವುದನ್ನೂ ಮರೆತು ನಿಂತಿದ್ದ. ಅಲ್ಲಿಗೆ ಕಥೆ ಮುಗಿಯಿತು ಎಂದು ನಾನು ವಯರು ಬಿಚ್ಚಲು ಹೋದೆ. ಅಂಬುಜಕ್ಕ ಬಿಡಲಿಲ್ಲ. ಅವಳು ಮೊದಲ ದಿನ ಅಂಗಡಿಗೆ ಬಂದದ್ದು ತನ್ನ ಬಣ್ಣ ನೋಡಲು ಅಲ್ಲವಲ್ಲ.

“ಭುಜಂಗ, ಒಂಚೂರು ಹಿಂದಕ್ಕೆ ಹಾಕು. ಅವರದು ನೋಡಬೇಕು.”

ನಾವೆಲ್ಲ ಅವಳ ಬಳೆಯನ್ನೇ ನೋಡುತ್ತಾ ಅವನದನ್ನು ನೋಡಿಯೇ ಇರಲಿಲ್ಲ. ಹಿಂದಕ್ಕೆ ಹಾಕಿದೆ. ಅವಳು ತುತ್ತು ಎತ್ತುತ್ತಾಳೆ. ಅವನು ತಲೆ ಓರೆ ಮಾಡಿ ಅವಳ ಬಾಯನ್ನೇ ನೋಡುತ್ತಿದ್ದಾನೆ, ಬಳೆ ಕೆಂಪಗಿದೆ. ಅವಳು ತುತ್ತು ಬಾಯಿಗಿಡುತ್ತಾಳೆ. ಅವಳದು ಇನ್ನೂ ಕೆಂಪು, ಅನ್ನ ಇನ್ನೂ ಬಾಯಲ್ಲೇ ಇದೆ. ಅವನದು ಆಗಲೇ ಹಳದಿಗೆ ತಿರುಗಿತ್ತು. ಅವಳಿಗಿಂತ ಮೊದಲು ಅವನದು ತಿರುಗಿತ್ತು. ಹಜಾರದಲ್ಲಿ ಯಾರೋ, ಅವನೂ ಉಂಡಿರಬೇಕು ಬಿಡಿ ಎಂದರು.

“ಅವರ ಎಲೆ ತೋರಿಸು” ಎಂದಳು ಅಂಬುಜಕ್ಕ.

ಚಿತ್ರವನ್ನು ದೊಡ್ಡದು ಮಾಡಿ ಎಲೆಯ ಕಡೆ ಸರಿಸಿದೆ. ಅನ್ನ ಬಡಿಸಿದ ಹಾಗೆ ಗೋಪುರವಾಗಿಯೇ ಇತ್ತು. ಹಪ್ಪಳ ಮುರಿದಿರಲಿಲ್ಲ. ಉಪ್ಪಿನಕಾಯಿ ಮುಟ್ಟಿರಲಿಲ್ಲ. ಪಾಯಸ ಎಲೆಯ ಮೂಲೆಯಲ್ಲಿ ಇಟ್ಟ ಜಾಗದಲ್ಲೇ ಇತ್ತು. ಬೆಳಗ್ಗೆ ಅವಳು ಉಣ್ಣದೆ ಇದ್ದದ್ದನ್ನು ನನ್ನನ್ನು ಬಿಟ್ಟರೆ ಗಮನಿಸಿದವನು ಅವನೊಬ್ಬನೇ, ಹ್ಞೂಂ ಎಂದು ಸುಳ್ಳು ಹೇಳಿ ತಾನೂ ಉಣ್ಣದೆ ಕೂತಿದ್ದ. ಇಡೀ ಹೋಮದಲ್ಲಿ ಅವನ ಕೆಂಪೂ ಬರೀ ಹಸಿವಿನದೇ. ಒಂದಗುಳೂ ಹೊಟ್ಟೆಗೆ ಹೋಗದೆ, ಅವಳು ಉಂಡದ್ದಕ್ಕೇ ಅವನ ಬಳೆ ಹಳದಿಯಾಗಿತ್ತು. ನನ್ನ ಕಣ್ಣಿನ ಮುಂದೆ ಪರದೆ ಮಂಜಾಯಿತು. ಕೇಶವಣ್ಣನ ಅಂಗಡಿಯಲ್ಲಿ ಕೊನೆಯ ಸಾಲಿನವರೆಗೂ ಓದಿದ ಕಣ್ಣುಗಳು ಅವು, ಆದರೂ ಮಂಜಾಯಿತು. ಪಕ್ಕದಲ್ಲಿದ್ದ ಶಾಸ್ತ್ರಿಗಳು ಅಂಗವಸ್ತ್ರದಿಂದ ಮೂಗು ಒರೆಸಿಕೊಂಡರು.

ಅಂಬುಜಕ್ಕ ಕೂತವರ ಕಾಲುಗಳನ್ನು ದಾಟಿಕೊಂಡು ಹಿಂದಿನ ಸಾಲಿಗೆ ಹೋಗಿ, ಗಂಡನ ಪಕ್ಕದ ಕುರ್ಚಿಯವರನ್ನು ಎಬ್ಬಿಸಿ ಅಲ್ಲಿ ಕೂತಳು. ಇಬ್ಬರೂ ಪರದೆಯ ಮೇಲಿನ ಎಲೆಯನ್ನೇ ನೋಡುತ್ತಿದ್ದರು. ಆಮೇಲೆ ಅವಳು ಮೆಲ್ಲಗೆ, ಇವತ್ತು ಊಟ ಆಯಿತೇ ಎಂದು ಕೇಳಿದಳು. ಅವನು ಇಲ್ಲ ಎಂದ.

ಇದಾದ ಮೇಲೆ ನನ್ನ ಕೆಲಸ ಕೆಟ್ಟಿತು. ಕಂಬದ ನೆಂಟರೆಲ್ಲ ಹಳೇ ಕೆಂಪುಗಳನ್ನು ಹಿಡಿದುಕೊಂಡು, ಇದು ಹಸಿವೋ ನೋಡು, ಇದರ ಹಿಂದೆ ಎಂಜಲೆಲೆ ಇದೆಯೋ ನೋಡು ಎಂದು ಅಂಗಡಿಗೆ ಬರುತ್ತಾರೆ. ಅರ್ಧಕ್ಕರ್ಧ ನಿಜವಾದ ಸಿಟ್ಟೇ. ಆದರೂ ಹಸಿವು ಎಂದುಬಿಡುತ್ತೇನೆ, ನನ್ನ ಗಂಟೇನು ಹೋಗಬೇಕು? ಅದಕ್ಕಿಂತ ದೊಡ್ಡ ತೊಂದರೆ ಕೇಶವಣ್ಣನದು. ಮೊದಲು ಅವನನ್ನು ವಿಡಿಯೋದೊಳಗೆ ತರಲಾಗುತ್ತಿರಲಿಲ್ಲ, ಈಗ ಹೊರಗೆ ಕಳಿಸಲಾಗುವುದಿಲ್ಲ. ಹಸೆಹಾಡು ಶುರುವಾದರೆ ಮದುಮಗಳಿಗೂ ಕ್ಯಾಮೆರಾಗೂ ನಡುವೆ ಬಂದು, ಹೆಂಡತಿಯ ಹಳದಿ ಬಳೆಗೆ ತನ್ನ ಬಳೆ ತಾಗಿಸಿಕೊಂಡು ನಿಂತಿರುತ್ತಾನೆ. ಮದುವೆ ಮನೆಯವರು ನನ್ನನ್ನು ಬೈಯುತ್ತಾರೆ, ನಮ್ಮ ಹುಡುಗಿಯ ಮುಖವೇ ಬಂದಿಲ್ಲವಲ್ಲ ಎಂದು. ಮೊನ್ನೆಯ ಮದುವೆಯಲ್ಲಿ ಇನ್ನು ತಡೆಯಲಾರದೆ, ಕೇಶವಣ್ಣ, ದಮ್ಮಯ್ಯ, ಸ್ವಲ್ಪ ಪಕ್ಕಕ್ಕೆ ಹೋಗಿ ಎಂದೆ. ಹೋದ. ಅಂಬುಜಕ್ಕನ ಈ ಪಕ್ಕದಿಂದ ಆ ಪಕ್ಕಕ್ಕೆ ಹೋದ.